ಜಹೀರಾಬಾದಿನ ಗೆಣಸಿನ ಭಟ್ಟಿ

ಗೆಣಸನ್ನು ಸಕ್ಕರೆ ಮಾಡಬೇಕು, ಆ ಸಕ್ಕರೆಯನ್ನು ಯಾರೂ ತಿನ್ನಬಾರದು. ಜಹೀರಾಬಾದಿನ ಭಟ್ಟಿಗೆ ನಾನು ಹೋದ ದಿನ ಮ್ಯಾನೇಜರು ನನಗೆ ಒಪ್ಪಿಸಿದ ಕೆಲಸ ಅದು. ಯುದ್ಧ ನಡೆಯುತ್ತಿದ್ದ ಕಾಲ. ನಿಜಾಮರ ಸೀಮೆಯಲ್ಲಿ ಪೆಟ್ರೋಲು ಕಣ್ಣಿಗೆ ಬೀಳುವುದೇ ಅಪರೂಪವಾಗಿತ್ತು. ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಏರು ಬಂದಲ್ಲೆಲ್ಲ ಪ್ರಯಾಣಿಕರನ್ನು ಇಳಿಸಿ ತಳ್ಳಿಸಿಕೊಂಡು ಓಡಾಡುತ್ತಿದ್ದವು. ಪೆಟ್ರೋಲಿಗೆ ಸ್ಪಿರಿಟ್ ಬೆರೆಸಿದರೆ ಎಂಜಿನ್ನು ಓಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸ್ಪಿರಿಟ್ ಮಾಡುವ ಕಬ್ಬಿನ ಕಾಕಂಬಿ ಮಾತ್ರ ದೊಡ್ಡ ಕಾರ್ಖಾನೆಗಳ ಪಾಲಾಗಿತ್ತು. ಭಟ್ಟಿಯ ಒಡೆಯನಾದ ನಮ್ಮ ಗುತ್ತಿಗೆದಾರನ ಕಣ್ಣು ಕೆಂಪು ಮಣ್ಣಿನಲ್ಲಿ ಹುಲುಸಾಗಿ ಹಬ್ಬುವ ಗೆಣಸಿನ ಬಳ್ಳಿಯ ಮೇಲೆ ಬಿತ್ತು.

ನಾನು ತಾಂಡೂರಿನವನು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು ಮಾತಾಡಿ ಬೆಳೆದ ಲಿಂಗವಂತರ ಮನೆಯ ಹುಡುಗ. ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಓದಿದ್ದೆ. ಗೆಣಸಿನ ಹಿಟ್ಟಿನಂಶವಾದ ಗಂಜಿಯನ್ನು ತೇಜಾಬಿನಲ್ಲಿ, ಅಂದರೆ ಆಮ್ಲದಲ್ಲಿ, ಕುದಿಸಿದರೆ ಅದು ಒಡೆದು ಸಕ್ಕರೆಯಾಗುತ್ತದೆ ಎಂಬುದನ್ನು ಗಾಜಿನ ನಳಿಕೆಯಲ್ಲಿ ಮಾಡಿ ನೋಡಿದ್ದೆ. ಜಹೀರಾಬಾದಿನಲ್ಲಿ ಗಾಜಿನ ನಳಿಕೆಯ ಬದಲು ಆಳೆತ್ತರವನ್ನೂ ಮೀರಿದ ಒಂದು ಕಬ್ಬಿಣದ ಹಂಡೆ ಇತ್ತು. ಯಾವುದೋ ಹತ್ತಿ ಗಿರಣಿಯಲ್ಲಿ ಸೇವೆ ಮುಗಿಸಿದ, ತಗಡುಗಳನ್ನು ಮೊಳೆ ಹೊಡೆದು ಜೋಡಿಸಿದ ಹಳೆಯ ಬಾಯ್ಲರು. ತೇಜಾಬು ಕಬ್ಬಿಣವನ್ನು ತಿನ್ನುತ್ತದೆಂದು ಅದರ ಒಳಮೈಗೆ ಸೀಸದ ತಗಡಿನ ಅಸ್ತರು ಹೊದಿಸಿದ್ದರು.

ಕೆಲಸದ ಕ್ರಮ ಹೀಗಿತ್ತು. ಗೆಣಸನ್ನು ತೊಳೆದು, ಚೂರು ಮಾಡಿ, ಅರೆದು, ಮಜ್ಜಿಗೆಯ ಹದಕ್ಕೆ ನೀರು ಬೆರೆಸಿ ಹಂಡೆಗೆ ಸುರಿಯುವುದು. ಅಳೆದ ತೇಜಾಬು ಹಾಕಿ ಬಾಯಿ ಬಿಗಿದು ಉಗಿ ಬಿಡುವುದು. ಸ್ವಲ್ಪ ಹೊತ್ತಿಗೊಮ್ಮೆ ಬದಿಯ ನಲ್ಲಿಯಿಂದ ಒಂದು ಸೌಟು ರಸ ತೆಗೆದು, ಬಿಳಿಯ ಪಿಂಗಾಣಿ ಬಿಲ್ಲೆಯ ಮೇಲೆ ತೊಟ್ಟು ಹಾಕಿ, ಅದರ ಮೇಲೆ ಅಯೋಡಿನ್ ಬಿಡುತ್ತಿದ್ದೆ. ಗಂಜಿ ಇದ್ದರೆ ತೊಟ್ಟು ಕಡು ನೀಲಿಗೆ ತಿರುಗುತ್ತದೆ. ನೀಲಿ ಮಾಸಿ, ಕಂದಾಗಿ, ಕೊನೆಗೆ ಅಯೋಡಿನ್ನಿನ ಹಳದಿ ಬಣ್ಣವೇ ಉಳಿದರೆ ಗಂಜಿಯೆಲ್ಲ ಸಕ್ಕರೆಯಾಗಿದೆ ಎಂದು ಅರ್ಥ. ಆಮೇಲೆ ರಸವನ್ನು ಹೊರಗಿನ ಕಲ್ಲುಬಾನಿಗೆ ಇಳಿಸಿ, ತಾಂಡೂರಿನಿಂದ ರೈಲಿನಲ್ಲಿ ಬರುತ್ತಿದ್ದ ಸುಣ್ಣವನ್ನು ಹಾಲು ಮಾಡಿ ಹಾಕಿ, ತೇಜಾಬನ್ನು ಕೊಲ್ಲುತ್ತಿದ್ದೆವು. ತಿಳಿಯನ್ನು ಸೋಸಿ ನೆಲದೊಳಗೆ ಕಟ್ಟಿದ ತೊಟ್ಟಿಗಳಿಗೆ ಹರಿಸಿ, ಈಚಲ ಶಿಂದಿಯ ಮಡ್ಡಿಯನ್ನು ಹೆಪ್ಪು ಹಾಕಿದರೆ ಮೂರು ನಾಲ್ಕು ದಿನ ನೊರೆಗಟ್ಟಿ ಹುಳಿಯುತ್ತಿತ್ತು. ಕೊನೆಗೆ ಭಟ್ಟಿ ಇಳಿಸುವುದು.

ಹಂಡೆಯ ಉಸ್ತುವಾರಿ ಒಬ್ಬ ಮಿಸ್ತ್ರಿಯದು. ಐವತ್ತು ದಾಟಿದ್ದ ಮುಸಲ್ಮಾನ, ಅವನೂ ತಾಂಡೂರಿನ ಕಡೆಯವನೇ. ಉಗಿಯ ಒತ್ತಡ ತೋರಿಸುವ ಮುಳ್ಳನ್ನು ನೋಡದೆ, ಹಂಡೆಯ ಸದ್ದು ಕೇಳಿಯೇ ಒಳಗಿನ ಸ್ಥಿತಿ ಹೇಳುತ್ತಿದ್ದ. ಮೊದಲ ಮೂರು ಹಂಡೆ ಹಾಳಾದವು. ಒಂದು ಸೀದು ಕರಿ ಡಾಂಬರಿನಂತಾಯಿತು. ಒಂದರಲ್ಲಿ ಸುಣ್ಣ ಕಡಿಮೆಬಿದ್ದು ಹೆಪ್ಪು ಸತ್ತುಹೋಯಿತು. ಇನ್ನೊಂದು ಬರಿಯ ವಿನಿಗರ್ ಆಯಿತು. ನಾಲ್ಕನೆಯದು ಗೆದ್ದಿತು. ಸುಣ್ಣ ಹಾಕಿ ಸೋಸಿದ ರಸವನ್ನು ಮಿಸ್ತ್ರಿ ಬೆರಳಲ್ಲಿ ಅದ್ದಿ ನಾಲಿಗೆಗೆ ಹಚ್ಚಿಕೊಂಡ.

"ಮಿಠಾ ಅದಾರಿ ಸಾಬ್! ಮಣ್ಣಾಗಿನ ಗೆಣಸು ಹೋಗಿ ಜೇನು ಆತು ನೋಡ್ರಿ."

ಆ ದಿನ ನನಗಾದಷ್ಟು ಸಂತೋಷ ಓದು ಮುಗಿಸಿದ ದಿನವೂ ಆಗಿರಲಿಲ್ಲ.

ಕೆಲಸಗಾರರೆಲ್ಲ ಸುತ್ತಲಿನ ಹಳ್ಳಿಯವರು, ತೇಜಾಬು ಎಂದರೆ ಏನೆಂದು ಕಂಡವರಲ್ಲ. ಅವರಿಗೆ ನಾನು ಒಂದು ಪಾಠವನ್ನು ದಿನವೂ ಹೇಳಿ ಬಾಯಿಪಾಠ ಮಾಡಿಸಿದೆ: ತೇಜಾಬು ನೆಲಕ್ಕೆ ಚೆಲ್ಲಿದರೆ ಅದರ ಮೇಲೆ ಸುಣ್ಣ ಹಾಕಿರಿ, ಸುಣ್ಣವೇ ಅದರ ಮದ್ದು. ಅವರು ಚೆನ್ನಾಗಿ ಕಲಿತರು.

ತೊಡಕು ಶುರುವಾದದ್ದು ಗೆಣಸಿನಿಂದಲೇ. ಮೊದಲು ಬಂದ ಗೆಣಸು ಬಲಿತದ್ದು, ಗಂಜಿ ತುಂಬಿದ್ದು. ಬರಬರುತ್ತ ನಾರಾಯಣಖೇಡದ ಕಡೆಯಿಂದ ಬರುವ ಗಾಡಿಗಳಲ್ಲಿ ಹೆಬ್ಬೆರಳು ಗಾತ್ರದ ಎಳೆಯ ಗೆಡ್ಡೆಗಳೇ ಹೆಚ್ಚಾದವು. ಎಳೆ ಗೆಣಸಿನಲ್ಲಿ ಗಂಜಿ ಕಡಿಮೆ, ಹಾಗಾಗಿ ಸಕ್ಕರೆ ಕಡಿಮೆ, ಸ್ಪಿರಿಟ್ ಕಡಿಮೆ. ಹಾಗಾದರೆ ಎಷ್ಟು ಗೆಣಸು ಬೇಕು ಎಂದು ಮ್ಯಾನೇಜರು ಕೇಳಿದರು. ನಾನು ಲೆಕ್ಕ ಹಾಕಿ, ಈಗ ಬರುವುದರ ಒಂದೂವರೆ ಪಟ್ಟು ಎಂದು ಚೀಟಿ ಬರೆದು ಸಹಿ ಹಾಕಿ ಕೊಟ್ಟೆ. ಆ ಗೆಣಸು ಎಲ್ಲಿಂದ, ಹೇಗೆ ಬರುತ್ತದೆ ಎಂದು ನಾನು ಕೇಳಲಿಲ್ಲ. ಚೀಟಿ ಕೊಟ್ಟ ಮೇಲೂ ಬಂದದ್ದು ಎಳೆಯ ಗೆಡ್ಡೆಯೇ. ಕಾರಣ ನೋಡಿ ಬರುತ್ತೇನೆಂದು ನಾನೇ ನಾರಾಯಣಖೇಡಕ್ಕೆ ಹೊರಟೆ.

ಗೆಣಸು ತರಿಸುವ ಹೊಣೆ ಗುತ್ತಿಗೆದಾರನ ಜಮಾದಾರನದು. ಎತ್ತರದ ಆಳು. ದಪ್ಪ ರುಮಾಲು, ಸೊಂಟಕ್ಕೆ ಅಗಲವಾದ ಚರ್ಮದ ಪಟ್ಟಿ, ಕೈಯಲ್ಲಿ ಬಾರುಕೋಲು. ಅವನ ಹಿಂದೆ ನಾಲ್ಕು ಜನ ಆಳುಗಳು, ಒಬ್ಬನ ಹೆಗಲಿಗೆ ಬಂದೂಕು. ನಾರಾಯಣಖೇಡದಿಂದ ಎರಡು ಹರದಾರಿ ಆಚೆಯ ಒಂದು ಹಳ್ಳಿಯಲ್ಲಿ ಅವರ ಕೆಲಸವನ್ನು ಕಣ್ಣಾರೆ ಕಂಡೆ. ಆಳುಗಳು ಹೊಲಕ್ಕೆ ನುಗ್ಗಿ ಬಳ್ಳಿಯನ್ನು ಬೇರುಸಹಿತ ಕಿತ್ತು ಎಸೆಯುತ್ತಿದ್ದರು. ಅಡ್ಡ ಬಂದ ಒಬ್ಬನನ್ನು ಗಾಡಿಯ ಚಕ್ರಕ್ಕೆ ಕಟ್ಟಿ ಹೊಡೆದಿದ್ದರು. ಅವನ ಬೆನ್ನಿನ ಚರ್ಮ ಎದ್ದು ಅಂಗಿಯ ಚೂರುಗಳು ಗಾಯಕ್ಕೆ ಅಂಟಿಕೊಂಡಿದ್ದವು.

ಮುಂದಿನ ಹೊಲದಲ್ಲಿ ಒಬ್ಬ ಹೆಂಗಸು ಬಳ್ಳಿಯ ನಡುವೆ ಕುಡುಗೋಲು ಹಿಡಿದು ನಿಂತಿದ್ದಳು. ಮೂವತ್ತರ ಆಸುಪಾಸಿನವಳು. ಪಕ್ಕದಲ್ಲಿ ಮುದುಕ ಅಪ್ಪ. ಹೊಲ ಆ ಅಪ್ಪನದು, ಮಗಳು ಗಂಡ ಸತ್ತ ಮೇಲೆ ಬಂದು ಅಪ್ಪನ ಜೊತೆ ದುಡಿಯುತ್ತಿದ್ದಳಂತೆ.

"ಇನ್ನೊಂದು ತಿಂಗಳು ಬಿಡ್ರಿ," ಎಂದು ಮುದುಕ ಕೈಮುಗಿದ. "ಬಲೀಲಾರದ್ದು ಕಿತ್ತರ ನಿಮಗೂ ಇಲ್ಲ, ನಮಗೂ ಇಲ್ಲ."

ಅವನು ಹೇಳಿದ್ದು ರಸಾಯನಶಾಸ್ತ್ರದ ಪ್ರಕಾರವೂ ಸರಿಯಾಗಿತ್ತು. ನಾನು ಒಂದು ಗೆಡ್ಡೆ ಕೊಯ್ದು, ಜೇಬಿನ ಸೀಸೆಯಿಂದ ಅಯೋಡಿನ್ ಬಿಟ್ಟೆ. ಕಡು ನೀಲಿಗೆ ತಿರುಗಬೇಕಾದ ಕೊಯ್ದ ಭಾಗ ಮಾಸಲು ನೀಲಿಗೆ ನಿಂತಿತು. ಜಮಾದಾರನಿಗೆ ತೋರಿಸಿ, "ತಿಂಗಳು ಬಿಟ್ಟು ಕಿತ್ತರೆ ಇದರಲ್ಲೇ ಎರಡರಷ್ಟು ಸಿಗ್ತದ, ಬಿಡ್ರಿ," ಎಂದೆ.

ಜಮಾದಾರ ಜೇಬಿನಿಂದ ಕಾಗದ ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ಒಂದೂವರಿ ಪಟ್ಟು ಬೇಕು ಅಂತ ನೀವೇ ಬರ್ದೀರಲ್ರಿ ಸಾಹೇಬ್ರ. ಈ ಸಹಿ ಯಾರದು? ನಾ ನಿಮ್ಮ ಹುಕುಂ ನಡಸಾಕ ಬಂದೀನಿ."

ಹೆಂಗಸು ಕಾಗದ ನೋಡಲಿಲ್ಲ. ನನ್ನನ್ನು ನೋಡಿದಳು. "ನೀವು ಕಲ್ತವರು ಅದೀರಿ. ಜ್ವಾಳ ಬರೋತನಕ ಇದನ್ನ ತಿಂದು ಜೀವಾ ಹಿಡೀಬೇಕ್ರಿ ನಾವು. ನಿಮ್ಮ ಮೋಟಾರಿಗಿ ಬ್ಯಾರೆ ಏನರ ಹಾಕ್ರಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಒಬ್ಬ ಆಳು ಅವಳನ್ನು ದಾಟಿ ಬಳ್ಳಿಗೆ ಕೈ ಹಾಕಿದ. ಅವಳು ಕುಡುಗೋಲು ಬೀಸಿದಳು. ಅವನ ಮುಂಗೈ ಮೊಣಕೈವರೆಗೆ ಸೀಳಿ ಬಿಳಿ ಎಲುಬು ಕಂಡಿತು. ಜಮಾದಾರ ಬಾರುಕೋಲಿನ ಹಿಡಿಯಿಂದ ಅವಳ ದವಡೆಗೆ ಹೊಡೆದ. ಬಿದ್ದವಳ ಹೊಟ್ಟೆಗೆ ಒದ್ದ. ಮುದುಕ ಅವಳ ಮೇಲೆ ಬೋರಲು ಬಿದ್ದುಕೊಂಡ. ಉಳಿದ ಏಟುಗಳು ಅವನ ಬೆನ್ನಿಗೆ ಬಿದ್ದವು. ನಾನು ಜಮಾದಾರನ ಕೈ ಹಿಡಿದೆ. ಅವನು ಕೊಡವಿದ ಹೊಡೆತಕ್ಕೆ ಬದುವಿನ ಆಚೆ ಹೋಗಿ ಬಿದ್ದೆ. ಅಷ್ಟೇ ನನ್ನ ಪ್ರತಿಭಟನೆ. ಗಾಯಗೊಂಡ ಆಳನ್ನು ಹೊತ್ತುಕೊಂಡು ಅವರು ಆ ಹೊಲವನ್ನು ಅಂದಿಗೆ ಬಿಟ್ಟು ಹೋದರು. ಅಂದಿನ ಗಾಡಿಯಲ್ಲೇ ನಾನು ಜಹೀರಾಬಾದಿಗೆ ಮರಳಿದೆ.

ಮ್ಯಾನೇಜರಿಗೆ ಕಂಡದ್ದನ್ನೆಲ್ಲ ಹೇಳಿದೆ. ನನ್ನ ಚೀಟಿ ವಾಪಸು ಕೊಡಿ, ನಾರಾಯಣಖೇಡದ ಹೊಲಗಳನ್ನು ಒಂದು ತಿಂಗಳು ಮುಟ್ಟಬೇಡಿ ಎಂದು ಬೇಡಿದೆ. ಅವರು ಕೆಟ್ಟವರಲ್ಲ, ಹೆದರಿದವರು. ಒಪ್ಪಿಕೊಂಡ ಸ್ಪಿರಿಟ್ ಹೊತ್ತಿಗೆ ಸರಿಯಾಗಿ ತಲುಪದಿದ್ದರೆ ಭಟ್ಟಿ ಮುಚ್ಚುತ್ತದೆ ಎಂದರು. ನಾನು ಹೇಳಿದೆ: "ಒಂದು ತಿಂಗಳ ಮಟ್ಟಿಗೆ ಗೋದಾಮಿನಲ್ಲಿ ರಾಶಿ ಬಿದ್ದಿರುವ ಎಳೆ ಗೆಣಸಿನಲ್ಲೇ ಪೂರೈಸುತ್ತೇನೆ. ಉಗಿಯ ಒತ್ತಡ ಏರಿಸಿದರೆ ಗಂಜಿ ಬೇಗ, ಪೂರ್ತಿಯಾಗಿ ಒಡೆಯುತ್ತದೆ. ದಿನಕ್ಕೆ ಎರಡು ಹಂಡೆಯ ಬದಲು ನಾಲ್ಕು ತೆಗೆಯಬಹುದು." ಅವರು ಒಪ್ಪಿದರು, ಚೀಟಿಯನ್ನು ಮಾತ್ರ ವಾಪಸು ಕೊಡಲಿಲ್ಲ. ಆ ಹೆಂಗಸಿನ ಹೊಲವನ್ನು ಉಳಿಸಿದೆ ಎಂದುಕೊಂಡೆ.

ಒಂಬತ್ತು ದಿನ ಹಾಗೆ ನಡೆಸಿದೆವು. ಹತ್ತನೆಯ ದಿನ ಬೆಳಿಗ್ಗೆ ಮಿಸ್ತ್ರಿ ನನ್ನ ಮೇಜಿನ ಬಳಿ ಬಂದು ನಿಂತ.

"ಸಾಬ್, ಹಂಡೇದು ಆವಾಜ್ ಬದಲಾಗ್ಯಾದ್ರಿ. ಅಸ್ತರು ಒಳಗ ಉಬ್ಬ್ಯಾದ ಅನಸ್ತದ. ತೇಜಾಬು ಕಬ್ಬಣಕ್ಕ ಮುಟ್ಟಿದ್ರ ಮೊಳಿ ತಡ್ಯಂಗಿಲ್ಲ. ಇವತ್ತು ಆರಿಸಿ, ಬಿಚ್ಚಿ ನೋಡೂಣು."

ಆರಿಸಿ, ತಣಿಸಿ, ಒಳಗಿಳಿದು, ಸೀಸ ಬೆಸೆದು ಮತ್ತೆ ಏರಿಸಲು ನಾಲ್ಕು ದಿನ ಬೇಕು. ನಾಲ್ಕು ದಿನ ನಿಂತರೆ ಮ್ಯಾನೇಜರು ಜಮಾದಾರನನ್ನು ಹೊಲಗಳಿಗೆ ಬಿಡುತ್ತಾರೆ. "ಇವತ್ತಿನ ನಾಲ್ಕು ತೆಗೆದುಬಿಡೋಣ. ನಾಳೆ ಆರಿಸೋಣ," ಎಂದೆ.

ಅವನು ಕೇಳಿದ: "ಇದು ನಿಮ್ಮ ಹುಕುಂ ಏನ್ರಿ?"

"ಹೌದು."

ಮೂರನೆಯ ಹಂಡೆ. ಮಿಸ್ತ್ರಿ ಸೌಟು ಹಿಡಿದು ಬದಿಯ ನಲ್ಲಿಗೆ ಬಗ್ಗಿದ್ದ. ನಾನು ಮೂವತ್ತು ಹೆಜ್ಜೆ ದೂರದಲ್ಲಿ ಬಿಲ್ಲೆ ಒರೆಸುತ್ತಿದ್ದೆ. ಮೊದಲು ಸಣ್ಣದೊಂದು ಚಟ್ ಸದ್ದು, ಹಿಂದೆಯೇ ಮೊಳೆಗಳ ಸಾಲು ಹರಿದ ಸದ್ದು. ಹಂಡೆಯ ಪಕ್ಕೆ ಬಾಯಿ ತೆರೆಯಿತು. ಕಟ್ಟಡವೆಲ್ಲ ಬಿಳಿ ಉಗಿಯಾಯಿತು. ಆ ಬಿಳುಪಿನೊಳಗಿನಿಂದ ಬಂದ ಕೂಗು ಮನುಷ್ಯನದು ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು.

ಕುದಿಯುವ ನೀರು ಮೈಗೆ ಬಿದ್ದರೆ ಹರಿದು ಹೋಗುತ್ತದೆ. ಕುದಿಯುವ ಗಂಜಿ ಮತ್ತು ಸಕ್ಕರೆ ಹರಿದು ಹೋಗುವುದಿಲ್ಲ. ಅಂಟಿಕೊಂಡು ಅಲ್ಲೇ ಬೇಯಿಸುತ್ತದೆ. ಅದರೊಳಗೆ ತೇಜಾಬು ಬೇರೆ. ಮಿಸ್ತ್ರಿಯ ಮುಖ, ಕತ್ತು, ಎದೆಯ ಮೇಲೆ ಅದು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಅವನು ಎರಡೂ ಕೈಯಿಂದ ಅದನ್ನು ಕೀಳುತ್ತಿದ್ದ, ಅದರ ಜೊತೆ ಚರ್ಮವೂ ಬರುತ್ತಿತ್ತು.

ನಾನು ಓಡುತ್ತ "ನೀರು! ನೀರು!" ಎಂದು ಕೂಗಿದೆ. ಉಗಿಯ ಸಿಳ್ಳಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಕಲ್ಲುಬಾನಿಯ ಬಳಿ ಇದ್ದ ಇಬ್ಬರು ನನಗಿಂತ ಮೊದಲೇ ಮಿಸ್ತ್ರಿಯನ್ನು ತಲುಪಿದ್ದರು. ಅವರ ಕೈಯಲ್ಲಿ ಬಕೀಟುಗಳಿದ್ದವು. ತೇಜಾಬಿನ ಮದ್ದು ಸುಣ್ಣ ಎಂದು ನಾನೇ ಕಲಿಸಿದ್ದೆ. ಆಗಷ್ಟೇ ನೀರು ಹಾಕಿದ, ಇನ್ನೂ ಕೊತಕೊತ ಎನ್ನುತ್ತಿದ್ದ ಸುಣ್ಣದ ಹಾಲನ್ನು ಅವರು ಅವನ ಮುಖಕ್ಕೆ ಸುರಿದರು. ಅವನು ಒದ್ದಾಡಿದಂತೆಲ್ಲ, ಮದ್ದು ಒಳಹೋಗಲೆಂದು ಒಬ್ಬನು ತಲೆ ಹಿಡಿದು ಮತ್ತೊಬ್ಬನು ಮತ್ತೊಂದು ಬಕೀಟು ಸುರಿದ. ಇಬ್ಬರೂ ಅಳುತ್ತಿದ್ದರು. ನಾನು ಅವರನ್ನು ತಳ್ಳಿ, ಗೆಣಸು ತೊಳೆಯುವ ತೊಟ್ಟಿಯ ನೀರಿಗೆ ಅವನನ್ನು ಎಳೆದು ಮುಳುಗಿಸುವಷ್ಟರಲ್ಲಿ ಅವನ ಕಣ್ಣುಗಳು ಸುಣ್ಣದ ಉಂಡೆಗಳಂತೆ ಬೆಳ್ಳಗಾಗಿದ್ದವು.

ರೈಲಿನಲ್ಲಿ ಅವನನ್ನು ಹೈದರಾಬಾದಿನ ದವಾಖಾನೆಗೆ ಒಯ್ದೆ. ಹನ್ನೆರಡು ದಿನ ಅಲ್ಲೇ ಇದ್ದೆ. ಜೀವ ಉಳಿಯಿತು, ಕಣ್ಣು ಎರಡೂ ಹೋದವು. ಆ ದಿನಗಳಲ್ಲಿ ನಾನು ಮಾಡಬೇಕಾಗಿದ್ದ ಇನ್ನೊಂದು ಕೆಲಸವಿತ್ತು. ಹಂಡೆ ಒಡೆದಿದೆ, ಇನ್ನು ಗೆಣಸು ಬೇಡ ಎಂದು ನಾರಾಯಣಖೇಡದ ಕಡೆಯ ಜಮಾದಾರನಿಗೆ ಹೇಳಿ ಕಳಿಸುವುದು. ನಾನು ಕಳಿಸಲಿಲ್ಲ. ಮರೆತೆ ಎಂದರೆ ಸುಳ್ಳಾಗುತ್ತದೆ. ಆ ಭಟ್ಟಿಯ ಹೆಸರನ್ನೂ ನೆನೆಯಲಾರದೆ ಮುಖ ತಿರುಗಿಸಿಕೊಂಡಿದ್ದೆ.

ಹದಿಮೂರನೆಯ ದಿನ ಮಧ್ಯಾಹ್ನ ಜಹೀರಾಬಾದಿನಲ್ಲಿ ಇಳಿದು ಭಟ್ಟಿಗೆ ಬಂದಾಗ ಗೇಟಿನಿಂದ ರಸ್ತೆಯವರೆಗೆ ನಲವತ್ತಕ್ಕೂ ಹೆಚ್ಚು ಗಾಡಿಗಳು ನಿಂತಿದ್ದವು. ಎಲ್ಲದರಲ್ಲೂ ಎಳೆ ಗೆಣಸು. ಮ್ಯಾನೇಜರು ಹಂಡೆಗೆ ತೇಪೆ ಹಾಕಿಸಿ, ನನ್ನ ಅದೇ ಚೀಟಿಯೊಂದಿಗೆ ಜಮಾದಾರನನ್ನು ಮತ್ತೆ ಬಿಟ್ಟಿದ್ದರು. ಗಾಡಿಗಳೂ ಎತ್ತುಗಳೂ ಹೊಲದವರವೇ. ತಮ್ಮ ಬೆಳೆಯನ್ನು ತಾವೇ ಬಿಟ್ಟಿಯಾಗಿ ಹೊಡೆದುಕೊಂಡು ಬಂದಿದ್ದರು, ಹೆಂಗಸರು ಗಂಡಸರು ಎಲ್ಲ. ದಾರಿಯಲ್ಲಿ ಎರಡು ದಿನ ಹೊಟ್ಟೆಗೆ ಏನೂ ಕೊಟ್ಟಿರಲಿಲ್ಲ.

ಮೂರನೆಯ ಗಾಡಿಯ ಮೂಕಿಯ ಮೇಲೆ ಆ ಮುದುಕ ಕೂತಿದ್ದ. ಹಿಂದೆ ಮಗಳು ನಿಂತಿದ್ದಳು, ದವಡೆಯ ಬಾವು ಇನ್ನೂ ಇಳಿದಿರಲಿಲ್ಲ. ನಾನು ನೋಡುತ್ತಿದ್ದಂತೆ ಮುದುಕ ಹಿಂದಕ್ಕೆ ಕೈ ಚಾಚಿ ಒಂದು ಗೆಣಸು ತೆಗೆದು, ಧೋತರಕ್ಕೆ ಒರೆಸಿ ಕಚ್ಚಿದ.

ಜಮಾದಾರ ನೋಡಿದ. "ಕಾರ್ಖಾನೆ ಮಾಲು ತಿಂತೀಯೇನಲೇ?"

"ನನ್ನ ಹೊಲದ್ದರಿ ಅದು," ಎಂದ ಮುದುಕ, ಬಾಯಿ ತುಂಬ ಗೆಣಸು ಇಟ್ಟುಕೊಂಡೇ.

ಬಾರುಕೋಲು ಅವನ ಕುತ್ತಿಗೆಗೆ ಸುತ್ತಿಕೊಂಡಿತು. ಜಮಾದಾರ ಎಳೆದ. ಮುದುಕ ಮೂಕಿಯಿಂದ ಜಾರಿ, ಚಕ್ರದ ಕಬ್ಬಿಣದ ಪಟ್ಟಿಗೆ ತಲೆ ಬಡಿದುಕೊಂಡು ಬಿದ್ದ. ಜಮಾದಾರ ಇನ್ನೂ ಎರಡು ಹೊಡೆದ ಮೇಲೆ ಮುದುಕ ಅಲುಗುತ್ತಿಲ್ಲ ಎಂಬುದು ಅವನಿಗೂ ತಿಳಿಯಿತು. ಕಚ್ಚಿದ ಗೆಣಸಿನ ತುಂಡು ತುಟಿಯ ಮೇಲೇ ಇತ್ತು.

ಮಗಳು ಬಗ್ಗಿ ಅಪ್ಪನ ಮೂಗಿನ ಹತ್ತಿರ ಕೈ ಹಿಡಿದಳು. ಎದ್ದು ಗಾಡಿಯ ಬದಿಯ ಗೂಟವೊಂದನ್ನು ಕಿತ್ತುಕೊಂಡಳು. ಗೂಟಗಳನ್ನು ಕೀಳುವ ಸದ್ದು ಒಂದು ಗಾಡಿಯಿಂದ ಇನ್ನೊಂದಕ್ಕೆ ಹಬ್ಬಿತು. ಜಮಾದಾರನ ಆಳೊಬ್ಬ ಹೆದರಿ ಬಂದೂಕು ಹಾರಿಸಿದ. ಗುಂಡು ಒಂದು ಎತ್ತಿನ ಕತ್ತಿಗೆ ತಗುಲಿ, ಅದು ನೊಗಸಮೇತ ಕುಸಿದು ಒದ್ದಾಡಿತು. ಆಮೇಲೆ ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಆಳುಗಳನ್ನು ಗೇಟಿನಲ್ಲೇ ಕೆಡವಿ ತುಳಿದರು. ಒಬ್ಬನ ಹಲ್ಲುಗಳು ನೆಲದಲ್ಲಿ ಚೆಲ್ಲಿದ್ದವು. ಮ್ಯಾನೇಜರು ಹಿಂದಿನ ಗೋಡೆ ಹಾರಿ ಸ್ಟೇಷನ್ನಿನ ಕಡೆ ಓಡಿದರು. ಜನ ಒಳನುಗ್ಗಿ ತಕ್ಕಡಿ ಮುರಿದರು, ಹಂಡೆಯ ತೇಪೆಯನ್ನು ಕೊಡಲಿಯಿಂದ ಸೀಳಿದರು. ಒಬ್ಬನು ಕೊಳ್ಳಿ ಹಿಡಿದು ಬಂದಾಗ, ಒಳಗೆ ಸ್ಪಿರಿಟ್ ಇದೆ, ಊರೇ ಸುಟ್ಟುಹೋಗುತ್ತದೆ ಎಂದು ನಾನು ಕೈ ಅಡ್ಡ ಹಿಡಿದೆ. ಆ ಹೆಂಗಸೇ ಕೊಳ್ಳಿ ಕಸಿದು ನೀರಿಗೆ ಹಾಕಿದಳು. ನಂತರ ನನ್ನ ಎದುರು ಬಂದು ನಿಂತಳು.

"ಎಲ್ಲಿ ಹೋಗ್ಯಾನ್ರಿ ಅವ?"

ನಾನು ನೋಡಿದ್ದೆ. ಜಮಾದಾರ ಭಟ್ಟಿಯ ಹಿಂದೆ ಓಡಿ, ಮೂರನೆಯ ತೊಟ್ಟಿಯ ಕಬ್ಬಿಣದ ಏಣಿ ಹಿಡಿದು ಇಳಿದಿದ್ದ. ಎರಡಾಳು ಆಳದ ಆ ತೊಟ್ಟಿಯನ್ನು ಅಂದು ಬೆಳಿಗ್ಗೆಯಷ್ಟೇ ಖಾಲಿ ಮಾಡಿದ್ದರು, ಗೋಡೆಯ ನೊರೆ ಇನ್ನೂ ಹಸಿಯಾಗಿತ್ತು. ಅಡಗಲು ಒಳ್ಳೆಯ ಜಾಗ ಎಂದು ಅವನಿಗೆ ಕಂಡಿರಬೇಕು. ರಸ ಹುಳಿಯುವಾಗ ಏಳುವ ಗಾಳಿ ನಾವು ಉಸಿರಾಡುವ ಗಾಳಿಗಿಂತ ಭಾರ. ರಸ ಹೊರಹೋದರೂ ಅದು ತಳದಲ್ಲಿ ನೀರಿನಂತೆ ನಿಂತಿರುತ್ತದೆ. ಬಣ್ಣವಿಲ್ಲದ್ದು, ಕಣ್ಣಿಗೆ ಕಾಣದ್ದು. ಇಳಿದವನು ಕೆಲವು ಉಸಿರಿನಲ್ಲಿ ಬೀಳುತ್ತಾನೆ, ಕೆಲವು ನಿಮಿಷದಲ್ಲಿ ಸಾಯುತ್ತಾನೆ. ಅಲ್ಲಿದ್ದವರಲ್ಲಿ ಇದು ಗೊತ್ತಿದ್ದವನು ನಾನೊಬ್ಬನೇ.

ನಾನು ಸುಮ್ಮನೆ ನಿಂತೆ. ಇನ್ನೂ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಯಾರ ಕೈಯೂ ಮುಟ್ಟದೆ ಅವನ ಕಥೆ ಮುಗಿಯುತ್ತಿತ್ತು. ಹಾಗೆ ಮುಗಿಯಲಿ ಎಂದು ನಾನು ಬಯಸಿದೆ. ಅದನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆದು ಉಪಯೋಗವಿಲ್ಲ. ಆದರೆ ಆ ತೊಟ್ಟಿಯ ಗಾಳಿ ನನ್ನ ಕೆಲಸದಿಂದ ಹುಟ್ಟಿದ್ದು, ಹಂಡೆಯ ರಸದಂತೆ, ಸುಣ್ಣದ ಹಾಲಿನಂತೆ. ಮತ್ತೊಬ್ಬನನ್ನು ಅದಕ್ಕೆ ಕೊಡಲು ನನ್ನಿಂದ ಆಗಲಿಲ್ಲ.

"ತೊಟ್ಟ್ಯಾಗ ಇಳದಾನ," ಎಂದೆ. "ಅಲ್ಲಿ ಕೆಟ್ಟ ಗಾಳಿ ಅದ. ಇಷ್ಟೊತ್ತಿಗೆ ಬಿದ್ದಿರ್ತಾನ. ತೆಗೀಲಿಲ್ಲಂದ್ರ ಸಾಯ್ತಾನ."

"ಸಾಯಲಿ."

ಅವನನ್ನು ಎಳೆದು ತರುತ್ತೇನೆಂದು ಒಬ್ಬ ಹುರಿಯಾಳು ಏಣಿಗೆ ಕಾಲಿಟ್ಟ. ನಾನು ಅವನ ರಟ್ಟೆ ಹಿಡಿದು ಹಿಂದಕ್ಕೆಳೆದೆ. ಬಟ್ಟೆಗೆ ಬೆಂಕಿ ಹಚ್ಚಿ ತಂತಿಗೆ ಕಟ್ಟಿ ಇಳಿಬಿಟ್ಟೆ. ಎದೆಯಾಳಕ್ಕೆ ಹೋಗುತ್ತಲೇ ಬೆಂಕಿ ಬೆರಳಲ್ಲಿ ಹಿಸುಕಿದಂತೆ ಆರಿತು. ಎಲ್ಲರೂ ಹಿಂದೆ ಸರಿದರು.

"ಗಾಡಿ ಹಗ್ಗ ಕೊಡ್ರಿ. ನಾ ಉಸಿರು ಹಿಡದು ಇಳೀತೀನಿ. ಎರಡು ಸಲ ಜಗ್ಗಿದ್ರ ಎಳೀರಿ."

ಹಗ್ಗದ ಇನ್ನೊಂದು ತುದಿಯನ್ನು ಆ ಹೆಂಗಸೇ ಹಿಡಿದಳು. ಅವಳ ಹಿಂದೆ ಆರೇಳು ಜನ. "ನಿಮ್ಮನ್ನ ಎಳೀತೀವ್ರಿ," ಎಂದಳು. "ಅವನ್ನ ಎಳ್ಯಂಗಿಲ್ಲ. ಮೊದಲೇ ಹೇಳೀನಿ."

"ಆತು," ಎಂದೆ.

ಸೊಂಟಕ್ಕೆ ಹಗ್ಗ ಬಿಗಿದು, ಎದೆ ತುಂಬ ಗಾಳಿ ಎಳೆದುಕೊಂಡು ಇಳಿದೆ. ಜಮಾದಾರ ಏಣಿಯ ಬುಡದಲ್ಲಿ ಮಡ್ಡಿಯೊಳಗೆ ಮಗ್ಗುಲಾಗಿ ಬಿದ್ದಿದ್ದ. ಮುಖ ನೇರಳೆಗಪ್ಪು. ಅವನಿಗೊಬ್ಬನಿಗೇ ಹಗ್ಗ ಕಟ್ಟಿದರೆ ಅವರು ಎಳೆಯುವುದಿಲ್ಲ. ನನಗೊಬ್ಬನಿಗೇ ಇದ್ದರೆ ಅವನು ಇಲ್ಲೇ ಉಳಿಯುತ್ತಾನೆ. ಅವನ ರುಮಾಲು ಬಿಚ್ಚಿ, ಅವನ ಸೊಂಟದ ಚರ್ಮದ ಪಟ್ಟಿಯ ಮೂಲಕ ತೂರಿಸಿ, ನನ್ನ ಸೊಂಟಕ್ಕೆ ಮೂರು ಗಂಟು ಹಾಕಿದೆ. ಎರಡು ಸಲ ಜಗ್ಗಿದೆ.

ಹಗ್ಗ ಅಲುಗಲಿಲ್ಲ.

ತಲೆಯೆತ್ತಿ ನೋಡಿದೆ. ಬೆಳಕಿನ ಚೌಕದಲ್ಲಿ ಅವಳ ತಲೆ ಕಾಣುತ್ತಿತ್ತು. ಅವಳು ಗಂಟನ್ನು ನೋಡುತ್ತಿದ್ದಳು. ನನ್ನ ಎದೆ ಒಡೆಯುತ್ತಿತ್ತು. ಬಾಯಿ ತಾನಾಗಿ ತೆರೆಯಿತು. ಮೂಗಿನೊಳಗೆ ಸೋಡಾ ಕುಡಿದು ತೇಗಿದಂಥ ಚುರುಕು ಹತ್ತಿತು. ಕಣ್ಣು ಕಪ್ಪಾಗುವ ಮುಂಚೆ ಸೊಂಟದ ಹಗ್ಗ ಹೊಟ್ಟೆಗೆ ಕಚ್ಚಿದ್ದು ಗೊತ್ತಾಯಿತು.

ಎಚ್ಚರವಾದಾಗ ಕಲ್ಲುಹಾಸಿನ ಮೇಲೆ ಬಿದ್ದಿದ್ದೆ. ರುಮಾಲನ್ನು ಯಾರೋ ಕುಡುಗೋಲಿನಿಂದ ಕೊಯ್ದಿದ್ದರು. ಅವಳು ಪಕ್ಕದಲ್ಲಿ ಕೂತು ಅಂಗೈಯಲ್ಲಿ ಮೂಡಿದ ಹಗ್ಗದ ಗಾಯ ನೋಡಿಕೊಳ್ಳುತ್ತಿದ್ದಳು.

"ನಿಮ್ಮನ್ನ ಎಳದ್ವಿ," ಎಂದಳು. "ಅವ ಅಂಟ್ಕೊಂಡು ಬಂದ."

ಐದಾರು ಮಾರು ದೂರದಲ್ಲಿ ಜಮಾದಾರ ಕೆಮ್ಮಿ ವಾಂತಿ ಮಾಡುತ್ತಿದ್ದ. ಅವನ ಕಣ್ಣು ತೆರೆಯುವವರೆಗೂ ಜನ ಕಾದರು. ಆಮೇಲೆ ಇಬ್ಬರು ಅವನ ಬಲಗೈಯನ್ನು ತೊಟ್ಟಿಯ ಕಲ್ಲಿನ ಅಂಚಿಗೆ ಚಾಚಿ ಹಿಡಿದರು. ಮೂರನೆಯವನು ಗಾಡಿಯ ಗೂಟ ಎತ್ತಿದ. ಮೊದಲ ಹೊಡೆತಕ್ಕೆ ಮುರಿಯಲಿಲ್ಲ. ನಾಲ್ಕು ಬೇಕಾದವು. ನಿಲ್ಲಿಸಿ ಎನ್ನಲು ನನ್ನಲ್ಲಿ ಉಸಿರಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಇತ್ತು. ನಾನು ಹೇಳಲಿಲ್ಲ.

ಗೋದಾಮಿನ ಕೀಲಿ ನನ್ನ ಬಳಿಯೂ ಒಂದಿತ್ತು. ಅದನ್ನು ಅವಳ ಕೈಗೆ ಕೊಟ್ಟೆ. ಗೋದಾಮಿನಲ್ಲಿದ್ದದ್ದನ್ನೂ ಗಾಡಿಗೆ ಹೇರಿದರು. ಮೂರನೆಯ ಗಾಡಿಯ ಗೆಣಸಿನ ಮೇಲೆ ಗೋಣಿ ಹಾಸಿ ಮುದುಕನನ್ನು ಮಲಗಿಸಿದರು. ಗುಂಡೇಟಿನ ಎತ್ತಿನ ಜಾಗದಲ್ಲಿ ಇಬ್ಬರು ನೊಗಕ್ಕೆ ಹೆಗಲು ಕೊಟ್ಟರು. ಪೊಲೀಸರು ಬರುವ ಹೊತ್ತಿಗೆ ರಸ್ತೆಯಲ್ಲಿ ಧೂಳು ಮಾತ್ರ ಇತ್ತು.

ವಿಚಾರಣೆ ಆಯಿತು. ಪೊಲೀಸ್ ಅಮೀನರು ನನ್ನನ್ನು ಎಂಟು ದಿನ ಠಾಣೆಯಲ್ಲಿ ಕೂಡಿಸಿ, ಗಲಭೆ ಮಾಡಿದವರ ಹೆಸರು ಕೇಳಿದರು. ಹಗ್ಗ ಎಳೆದವರು ಯಾರು ಎಂದರು. ನಾನು ಕೆಳಗಿದ್ದೆ, ಮೇಲಿನವರ ಮುಖ ಕಾಣಲಿಲ್ಲ ಎಂದೆ. ನನ್ನ ಹೇಳಿಕೆಯಲ್ಲಿ ಎರಡು ಸಂಗತಿ ಬರೆಸಿದೆ. ಮುದುಕ ಸತ್ತದ್ದು ಬಾರುಕೋಲಿನ ಎಳೆತಕ್ಕೆ, ನಾನು ಕಣ್ಣಾರೆ ಕಂಡಿದ್ದೇನೆ. ಹಂಡೆ ಒಡೆದದ್ದು ನನ್ನ ಹುಕುಮಿನಿಂದ, ಮಿಸ್ತ್ರಿ ಬೇಡವೆಂದಿದ್ದ. ಮೊದಲನೆಯದಕ್ಕೆ ಯಾರೂ ಕಿವಿಗೊಡಲಿಲ್ಲ. ಎರಡನೆಯದಕ್ಕೆ ನನ್ನ ಕೆಲಸ ಹೋಯಿತು.

ಜಮಾದಾರ ಮುರಿದ ಕೈಗೆ ಪಟ್ಟಿ ಕಟ್ಟಿಕೊಂಡು ಬಂದು ಹನ್ನೊಂದು ಜನರನ್ನು ಗುರುತಿಸಿದ. ಅವರಿಗೆ ಸಜೆಯಾಯಿತು. ಆ ಹೆಂಗಸನ್ನೂ ಅವನೆದುರು ನಿಲ್ಲಿಸಿದರು. ಅವನು ಅವಳನ್ನು ಬಹಳ ಹೊತ್ತು ನೋಡಿದ.

"ಈಕೀನ ನಾ ಎಂದೂ ನೋಡಿಲ್ರಿ," ಎಂದ.

ಯಾಕೆ ಹಾಗೆಂದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವಳನ್ನು ಬಿಟ್ಟರು, ಅವಳು ಊರಿನ ದಾರಿ ಹಿಡಿದಳು.

ಠಾಣೆಯಿಂದ ಬಿಟ್ಟ ಮೇಲೆ ತಾಂಡೂರಿಗೆ ಬಂದೆ. ಮಿಸ್ತ್ರಿ ಅಲ್ಲಿ ಕಲ್ಲುಗಣಿಯಲ್ಲಿ ದುಡಿಯುವ ತಮ್ಮನ ಮನೆಯಲ್ಲಿದ್ದ. ಅವನನ್ನು ನೋಡಲು ಹೋಗುವ ಧೈರ್ಯ ಬರಲು ಮೂರು ವಾರ ಹಿಡಿಯಿತು. ಅವನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಮುಖದ ಚರ್ಮ ಬಿಗಿದು ಹೊಳೆಯುತ್ತಿತ್ತು. ಹೆಜ್ಜೆಯ ಸದ್ದಿಗೇ ನನ್ನನ್ನು ಗುರುತು ಹಿಡಿದ.

ನಾನು ಕಲಿತು ಹೋದ ಮಾತುಗಳನ್ನೆಲ್ಲ ಹೇಳಿದೆ. ತಪ್ಪು ನನ್ನದು ಎಂದೆ. ನಿನ್ನ ಮಾತು ಕೇಳಲಿಲ್ಲ ಎಂದೆ. ಒಳಗಿನಿಂದ ಚಹಾ ಬಂತು. ಅವನು ಬಸಿಯನ್ನು ತಡವಿ ಹುಡುಕಿ ಎತ್ತಿಕೊಂಡು ಕುಡಿದ.

"ಹಂಡೆ ಒಡೀತದ್ರಿ ಸಾಬ್. ಹಂಡೆ ಜೊತಿ ಕೆಲಸಾ ಮಾಡಾವ್ರಿಗಿ ಅದು ಗೊತ್ತಿರ್ತದ," ಎಂದ ಕೊನೆಗೆ. "ಮಾರಿ ಸುಟ್ಟಿದ್ದು ಹಂಡೆ. ಕಣ್ಣು ತಗೊಂಡಿದ್ದು ಆ ಬಕೀಟ್ರಿ. ಆ ಪೋರಗೋಳು ನನ್ನ ಮ್ಯಾಲಿನ ಮೊಹಬ್ಬತ್ತಿಗೆ ಸುರದ್ವು. ಅರ್ಧಾ ಕಲಿಸಿದ್ರಿ ನೀವು ಅವಕ್ಕ."

ಅವನು ಖಾಲಿ ಬಸಿಯನ್ನು ನೆಲಕ್ಕಿಟ್ಟ.

"ಮತ್ತೆಲ್ಲರೆ ನೌಕರಿ ಸಿಗ್ತದ ನಿಮಗ. ಸಿಕ್ಕಾಗ ಮೊದಲ ನೀರು ಅಂತ ಕಲಸ್ರಿ. ಮೈಮ್ಯಾಲೆ ಏನು ಬಿದ್ರೂ ಮೊದಲ ನೀರು. ಸುಣ್ಣಾ ಗಿಣ್ಣಾ ಆಮ್ಯಾಲೆ."

ಎರಡು ವರ್ಷದ ಮೇಲೆ ನನಗೆ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಮೊದಲ ದಿನ ಹುಡುಗರು ಪುಸ್ತಕ ತೆರೆದು ಕೂತಿದ್ದರು. ಮುಚ್ಚಿಸಿದೆ. ಎಲ್ಲರನ್ನೂ ಅಂಗಳದ ಬಾವಿಗೆ ಕರೆದೊಯ್ದು, ಒಬ್ಬೊಬ್ಬರ ಕೈಗೂ ತುಂಬಿದ ಕೊಡ ಕೊಟ್ಟು, ಕಣ್ಣು ತೆರೆದುಕೊಂಡು ಮುಖಕ್ಕೆ ನೀರು ಸುರಿದುಕೊಳ್ಳಲು ಹೇಳಿದೆ. ಅವರು ನಕ್ಕರು. ನಾನು ನಗಲಿಲ್ಲ. ಕಣ್ಣು ಮುಚ್ಚದೆ ಮಾಡಲು ಬರುವವರೆಗೆ, ಪ್ರತಿಯೊಬ್ಬನಿಂದಲೂ ಮತ್ತೆ ಮತ್ತೆ ಮಾಡಿಸಿದೆ.